ಗಾಡಿ ತಳ ಹಿಗ್ಗಿಸುವ ಮೊದಲು ಪಾಳಿ ನೆಟ್ಟಗೆ ಮಾಡೋಣ

(ಹಂಗಾಮು ಪೂರ್ವ ಗಟ ಸಭೆಯಲ್ಲಿ ಕಬ್ಬು ಅಭಿವೃದ್ಧಿ ಅಧಿಕಾರಿಗಳು ಮಾಡಿದ ಭಾಷಣ)



ಪ್ರತಿ ವರ್ಷ ಹಂಗಾಮು ಪೂರ್ವ ಸಭೆಯಲ್ಲಿ ನಾನು ಬೀಜ, ಗೊಬ್ಬರ, ಕುಳೆ ನಿರ್ವಹಣೆ, ಗೊಣ್ಣೆ ಹುಳದ ಬಂದೋಬಸ್ತಿ ಇವುಗಳ ಬಗ್ಗೆ ನಾಲ್ಕು ಮಾತು ಹೇಳುವುದು ವಾಡಿಕೆ. ಈ ಸಲ ಅವೆಲ್ಲವನ್ನು ಬದಿಗಿಟ್ಟು ಬೇರೆ ವಿಷಯಕ್ಕೆ ಬರುತ್ತೇನೆ. ವಾರ್ಷಿಕ ಸಾಧಾರಣ ಸಭೆಯ ಮುಂದೆ ಒಂದು ಸೂಚನೆ ಬರಲಿದೆ. ಕಾರಖಾನೆಯ ಗಾಡಿ ತಳ ಸಾಲುತ್ತಿಲ್ಲ. ಆದ ಕಾರಣ ಪೂರ್ವದ ಮಗ್ಗಲಿನಲ್ಲಿ, ವಸತಿಗೆಂದು ಪ್ಲಾಟು ಬಿದ್ದಿರುವ 4 ಎಕರೆ ಜಾಗ ಕೊಂಡು ತಳಕ್ಕೆ ಕೂಡಿಸಬೇಕು ಎಂಬುದು ಆ ಸೂಚನೆ. ಆ ಪ್ಲಾಟುಗಳ ಆಚೆ ಬದಿಯಲ್ಲಿ ಮನೆಗಳಿವೆ. ಆ ಮನೆಗಳವರು ತಮ್ಮ ಅಡಚಣೆಗಳನ್ನು ಬರೆದು ಗ್ರಾಮ ಪಂಚಾಯತಿಗೂ ಕಾರಖಾನೆಗೂ ಅರ್ಜಿ ಕೊಟ್ಟಿದ್ದಾರೆ. ಊರಲ್ಲಿ ಎರಡು ಪಕ್ಷವಾಗಿದೆ. ಚಹದ ಅಂಗಡಿಯಲ್ಲಿ ಮಾತು ಬಿರುಸಾಗಿ ನಡೆದಿದೆ.

ನಾನು ಕಾರಖಾನೆಯ ನೌಕರ. ಮತ ಹಾಕುವವರು ತಾವು. ಆದರೆ ಕಬ್ಬು ಹೊಲದಿಂದ ಗಿರಣಿಯ ಬಾಯಿಗೆ ಬರುವವರೆಗಿನ ಲೆಕ್ಕ ನನ್ನ ಖಾತೆಯದು. ಆ ಲೆಕ್ಕವನ್ನು ತಮ್ಮ ಮುಂದೆ ಬಿಚ್ಚಿಡುವುದು ನನ್ನ ಕರ್ತವ್ಯ. ಲೆಕ್ಕ ನೋಡಿದ ಮೇಲೆ ತಾವೇ ತೀರ್ಮಾನ ಮಾಡಿರಿ.

ತಳದಲ್ಲಿ ಎಷ್ಟು ಗಾಡಿ ನಿಲ್ಲಬೇಕು?

ನಮ್ಮ ಕಾರಖಾನೆ ದಿನಕ್ಕೆ 2,500 ಟನ್ನು ಕಬ್ಬು ನುರಿಸುತ್ತದೆ. ಅಂದರೆ ತಾಸಿಗೆ ಸುಮಾರು 104 ಟನ್ನು. ಎರಡು ಟ್ರೇಲರಿನ ಒಂದು ಟ್ರ್ಯಾಕ್ಟರ 15 ಟನ್ನು ತರುತ್ತದೆ ಎಂದು ಹಿಡಿಯಿರಿ. ಆಗ ತಾಸಿಗೆ 7 ಟ್ರ್ಯಾಕ್ಟರ ಖಾಲಿಯಾಗುತ್ತವೆ. ಇನ್ನು ಜಾಗದ ಮಾತು. ಇಂಥ ಒಂದು ಜೋಡಿ ಟ್ರೇಲರು ನಿಲ್ಲಲು, ಹೊರಳಲು, ಹೊರಬೀಳಲು ಸುಮಾರು ಒಂದು ಗುಂಠೆ ಬೇಕು. ಎಕರೆಗೆ 40 ಗುಂಠೆ. ಆದ್ದರಿಂದ ಎಕರೆಗೆ 40 ಟ್ರ್ಯಾಕ್ಟರ.

ಈಗ ಪ್ರತಿ ಗಾಡಿ ತಳದಲ್ಲಿ ಎಷ್ಟು ತಾಸು ಕಾಯುತ್ತದೆ ಎಂಬುದನ್ನು ನೋಡಿರಿ. 6 ತಾಸು ಕಾಯುವುದಾದರೆ ಯಾವ ಹೊತ್ತಿಗೂ ತಳದಲ್ಲಿ 42 ಟ್ರ್ಯಾಕ್ಟರ ಇರುತ್ತವೆ. ಒಂದು ಎಕರೆ ಎರಡು ಗುಂಠೆ ಸಾಕು. 12 ತಾಸಾದರೆ 84 ಟ್ರ್ಯಾಕ್ಟರ. ಎರಡು ಎಕರೆ ನಾಲ್ಕು ಗುಂಠೆ. 24 ತಾಸಾದರೆ 168; ನಾಲ್ಕು ಎಕರೆ ಮಿಕ್ಕಿತು. 36 ತಾಸಾದರೆ 252. ಆರು ಎಕರೆಯೂ ಸಾಲದು. ನುರಿಸುವ ಕಬ್ಬು ಎಲ್ಲ ಲೆಕ್ಕದಲ್ಲಿಯೂ ಅಷ್ಟೇ. ಬದಲಾದದ್ದು ಕಾಯುವ ತಾಸು ಮಾತ್ರ. ತಳಕ್ಕೆ ಎಷ್ಟು ಜಾಗ ಬೇಕು ಎಂಬುದನ್ನು ಗೊತ್ತು ಮಾಡುವುದು ಕಬ್ಬಿನ ರಾಶಿಯಲ್ಲ, ಪಾಳಿಯ ಉದ್ದ.

ಹಾಗಾದರೆ ಗಾಡಿ ಬಂದ ಕೂಡಲೇ ಖಾಲಿಯಾಗಬೇಕೇ ಎಂದು ಯಾರಾದರೂ ಕೇಳಬಹುದು. ಅದು ಆಗದ ಮಾತು. ನಮ್ಮ ಟೋಳಿಗಳು ಬೆಳಗಿನ ಜಾವ ಹೊಲಕ್ಕೆ ಇಳಿಯುತ್ತವೆ. ಮೊದಲಿನ ಗಾಡಿ ತಳಕ್ಕೆ ಬರುವಾಗ 10 ಗಂಟೆ ಆಗುತ್ತದೆ. ರಾತ್ರಿ 8ರ ಮೇಲೆ ಹೊಸ ಗಾಡಿ ಕಡಿಮೆ. ಗಿರಣಿಯಾದರೋ ಹಗಲು ರಾತ್ರಿ ತಿರುಗುತ್ತದೆ. ರಾತ್ರಿ 8ರಿಂದ ಮರುದಿನ 10ರವರೆಗೆ 14 ತಾಸು ಗಿರಣಿಗೆ ಮೇವು ಬೇಕು. ಅದಕ್ಕೆ 98 ಟ್ರ್ಯಾಕ್ಟರಿನ ಕಬ್ಬು ತಳದಲ್ಲಿ ಸಿದ್ಧವಿರಬೇಕು. ಅದಕ್ಕೆ ಎರಡೂವರೆ ಎಕರೆ. ಎತ್ತಿನ ಟಾಯರ ಗಾಡಿಗಳು ಹೊರುವುದು ಸುಮಾರು ಎರಡು ಟನ್ನಿನ ಆಸುಪಾಸು, ಹಿಡಿಯುವ ಜಾಗ ಟನ್ನಿಗೆ ಹೆಚ್ಚು. ಅವನ್ನೂ ಸೇರಿಸಿದರೆ ಮೂರು ಎಕರೆ. ಈಗ ನಮ್ಮಲ್ಲಿರುವ ತಳ ಮೂರು ಎಕರೆಯೇ.

ಆದರೂ ಗಾಡಿಗಳು ತಳ ತುಂಬಿ ರಸ್ತೆಯ ಮೇಲೆ ನಿಂತದ್ದು ಸುಳ್ಳಲ್ಲ. ಪಾಳಿ 30, 36 ತಾಸಿಗೆ ಹೋದ ದಿನಗಳು ತಮಗೆಲ್ಲ ನೆನಪಿವೆ. ಅದು ಯಾಕೆ ಆಯಿತು ಎಂಬುದು ತಿಳಿಯದೆ ಜಾಗ ಕೊಳ್ಳುವುದು ಬೇನೆ ಗೊತ್ತಾಗದೆ ಔಷಧ ತಂದಂತೆ.

ಕೆರೆಯ ಲೆಕ್ಕ

ಕೆರೆಗೆ ಬರುವ ನೀರು, ತೂಬಿನಿಂದ ಹೋಗುವ ನೀರು ಸಮವಾಗಿದ್ದರೆ ಕೆರೆಯ ಮಟ್ಟ ಇದ್ದಲ್ಲಿಯೇ ಇರುತ್ತದೆ. ಗಾಡಿ ತಳವೂ ಹಾಗೆಯೇ. ಗಿರಣಿ ಯಾವುದೋ ಕಾರಣಕ್ಕೆ ಹತ್ತು ತಾಸು ನಿಂತಿತು ಎನ್ನಿರಿ. ಹೊಲದಲ್ಲಿ ಕಡಿಯುವುದು ನಿಲ್ಲಲಿಲ್ಲ. 70 ಟ್ರ್ಯಾಕ್ಟರ ಹೆಚ್ಚಾಗಿ ಬಂದು ಕೂತವು. ಮರುದಿನದಿಂದ ಗಿರಣಿ ದಿನಕ್ಕೆ 2,500 ಟನ್ನು ನುರಿಸಿತು, ಹೊಲದಿಂದಲೂ 2,500 ಟನ್ನೇ ಬಂತು. ಆ 70 ಟ್ರ್ಯಾಕ್ಟರಿನ ಹೊರೆ ಎಂದಿಗೆ ಕರಗಬೇಕು? ಕರಗುವುದಿಲ್ಲ. ಹತ್ತು ತಾಸಿನ ಆ ತಡೆ ಹಂಗಾಮು ಮುಗಿಯುವ ತನಕ ಪ್ರತಿಯೊಬ್ಬ ರೈತನ ಪಾಳಿಯ ಮೇಲೆ ಕೂತಿರುತ್ತದೆ. ಇಂಥ ಎರಡು ಮೂರು ತಡೆಗಳು ಕೂಡಿದರೆ ಪಾಳಿ 36 ತಾಸಿಗೆ ಹೋಗುತ್ತದೆ. ಅದನ್ನು ಇಳಿಸಲು ಒಂದೇ ದಾರಿ: ಎರಡು ಮೂರು ದಿನ ಕಡಿಯುವುದನ್ನು ಕಡಿಮೆ ಮಾಡುವುದು.

ಕೆರೆ ದೊಡ್ಡದು ಮಾಡಿದರೆ ಮಟ್ಟ ಇಳಿದೀತು, ಆದರೆ ನಿಂತ ನೀರು ಅಷ್ಟೇ ಉಳಿಯಿತು. ತಳ ಏಳು ಎಕರೆ ಮಾಡಿದರೆ ರಸ್ತೆಯ ಮೇಲಿನ ಗಾಡಿ ಕಾಂಪೌಂಡಿನ ಒಳಗೆ ಬಂದೀತು; ಕಬ್ಬು ಮಾತ್ರ ಅಲ್ಲಿಯೂ 36 ತಾಸು ಒಣಗುತ್ತಲೇ ಇರುತ್ತದೆ. ಇನ್ನೊಂದು ಅಂಜಿಕೆಯೂ ನನಗಿದೆ. ಇವತ್ತು ರಸ್ತೆ ತುಂಬಿದರೆ ಗಟ ಕಚೇರಿಗೆ ಫೋನು ಬರುತ್ತದೆ, ತೋಡಚಿಟ್ಟಿ ತಡೆಯುತ್ತಾರೆ. ಏಳು ಎಕರೆಯ ತಳವಿದ್ದರೆ ಅದು ತುಂಬುವ ತನಕ ಯಾರೂ ಚಿಟ್ಟಿ ತಡೆಯುವುದಿಲ್ಲ.

ಕಾದ ಕಬ್ಬಿನ ಬೆಲೆ ಯಾರು ಕೊಡುತ್ತಾರೆ?

ನಿಂತ ಕಬ್ಬು ಜೀವಂತ. ಕಡಿದ ಕಬ್ಬು ಸಾಯಲಾರಂಭಿಸಿದ ಬೆಳೆ. ಕಡಿದ ಗಳಿಗೆಯಿಂದ ಅದರ ನೀರು ಆರುತ್ತದೆ, ತೂಕ ಇಳಿಯುತ್ತದೆ. ಕಬ್ಬಿನೊಳಗೇ ಇರುವ ಕಿಣ್ವಗಳು ಸಕ್ಕರೆಯನ್ನು ಒಡೆದು ಹರಳುಗಟ್ಟದ ಸಕ್ಕರೆಯಾಗಿ ಮಾಡುತ್ತವೆ. ಕಡಿದ ತುದಿಗಳಿಂದ ಸೂಕ್ಷ್ಮಜೀವಿಗಳು ಒಳಸೇರಿ ಡೆಕ್ಸ್‌ಟ್ರಾನ್ ಎಂಬ ಅಂಟು ಉತ್ಪನ್ನ ಮಾಡುತ್ತವೆ. ಈ ಅಂಟಿನಿಂದ ರಸ ಸೋಸುವುದು, ಹರಳು ಕಟ್ಟುವುದು ಎರಡೂ ಕಷ್ಟವಾಗುತ್ತವೆ. ಫೆಬ್ರುವರಿ ಕಳೆದು ಬಿಸಿಲು ಏರಿದ ಮೇಲೆ ಈ ನಷ್ಟ ಬೇಗ ಬೇಗ ಆಗುತ್ತದೆ. ಸುಟ್ಟ ಕಬ್ಬಾದರೆ ಇನ್ನೂ ಬೇಗ. ಆದ್ದರಿಂದಲೇ ಕಡಿದ 24 ತಾಸಿನೊಳಗೆ ಕಬ್ಬು ಗಿರಣಿಗೆ ಬೀಳಬೇಕು ಎಂದು ನಾವು ಮತ್ತೆ ಮತ್ತೆ ಹೇಳುವುದು.

ಇದನ್ನು ರೂಪಾಯಿಯಲ್ಲಿ ನೋಡೋಣ. 2025-26ರ ಹಂಗಾಮಿಗೆ ಕೇಂದ್ರ ಸರಕಾರ ಗೊತ್ತುಪಡಿಸಿದ ಎಫ್.ಆರ್.ಪಿ. ದರ, 10.25 ಉತಾರಕ್ಕೆ ಕ್ವಿಂಟಲಿಗೆ 355 ರೂಪಾಯಿ. ಟನ್ನಿಗೆ 3,550. ಕಡಿಯುವ ಮತ್ತು ಸಾಗಿಸುವ ಖರ್ಚು ಇದರಲ್ಲಿಯೇ ಮುರಿಯುತ್ತದೆ ಎಂಬುದು ತಮಗೆ ಗೊತ್ತು. ನಮ್ಮಲ್ಲಿ ಗಾಡಿ ಪಾಳಿ ಬಂದ ಮೇಲೆ ವಜನ ಕಾಟಾಕ್ಕೆ ಹೋಗುತ್ತದೆ. ಆದ ಕಾರಣ ತಳದಲ್ಲಿ ಆರಿದ ನೀರು ರೈತನ ತೂಕದಿಂದಲೇ ಹೋಗುತ್ತದೆ. ಕಾಯುವುದರಿಂದ ನೂರಕ್ಕೆ ಒಂದೇ ಕಿಲೋ ತೂಕ ಇಳಿಯಿತೆಂದು ಹಿಡಿದರೂ 15 ಟನ್ನಿನ ಹೊರೆಗೆ 150 ಕಿಲೋ. ದುಡ್ಡಿನಲ್ಲಿ 532 ರೂಪಾಯಿ 50 ಪೈಸೆ. ಒಂದು ಖೇಪಿಗೆ ಇಷ್ಟು.

ಉತಾರದ ಲೆಕ್ಕ ಇನ್ನೂ ದೊಡ್ಡದು. ಅದೇ 2025-26ರ ದರದಲ್ಲಿ 10.25ರ ಮೇಲೆ ಪ್ರತಿ 0.1 ಉತಾರಕ್ಕೆ ಕ್ವಿಂಟಲಿಗೆ 3 ರೂಪಾಯಿ 46 ಪೈಸೆ ಹೆಚ್ಚು. ಕೆಳಗಿಳಿದರೆ 9.5ರ ತನಕ ಅದೇ ಪ್ರಮಾಣದಲ್ಲಿ ಕಡಿಮೆ. ಹಂಗಾಮಿನಲ್ಲಿ 4 ಲಕ್ಷ ಟನ್ನು ನುರಿಸುವ ಕಾರಖಾನೆಯಲ್ಲಿ ಹಳಸಿದ ಕಬ್ಬಿನಿಂದ ಉತಾರ 0.1 ಇಳಿದರೆ ಸಭಾಸದರ ಕೈಬಿಡುವ ಹಣ 1 ಕೋಟಿ 38 ಲಕ್ಷ 40 ಸಾವಿರ ರೂಪಾಯಿ. ಈ ನಷ್ಟ ಪಾಳಿಯಲ್ಲಿ ಕಾದವನಿಗೆ ಮಾತ್ರವಲ್ಲ. ತಾಜಾ ಕಬ್ಬು ತಂದವನಿಗೂ ಅದೇ ದರ.

ಗಾಡಿ ಮಾಲಕರ ಕಡೆಯಿಂದಲೂ ನೋಡಿರಿ. ಆರು ತಾಸಿನಲ್ಲಿ ಖಾಲಿಯಾಗುವ ಟ್ರ್ಯಾಕ್ಟರ ದಿನಕ್ಕೊಂದು ಖೇಪು ತಪ್ಪದೆ ಮಾಡುತ್ತದೆ. 36 ತಾಸು ನಿಂತದ್ದು ಎರಡು ದಿನಕ್ಕೊಂದು ಖೇಪೂ ಮಾಡಲಾರದು. ಆಗ ಅಷ್ಟೇ ಕಬ್ಬು ತರಲು ಹೆಚ್ಚು ಗಾಡಿಗಳ ಕರಾರು ಬೇಕು, ಹೆಚ್ಚು ಟೋಳಿಗಳಿಗೆ ಉಚಲ ಕೊಡಬೇಕು. ಉಚಲ ಮುಳುಗಿದರೆ ಅದು ಯಾರ ದುಡ್ಡು ಎಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಚಾಲಕನೂ ಎರಡು ರಾತ್ರಿ ನಿದ್ದೆಗೆಟ್ಟು ಕತ್ತಲಲ್ಲಿ ಹೊರೆ ಹೊತ್ತ ಟ್ರೇಲರು ಓಡಿಸುತ್ತಾನೆ. ಆ ರಸ್ತೆಯಲ್ಲಿ ನಮ್ಮ ಮಕ್ಕಳೇ ಸೈಕಲ್ಲು, ಮೋಟರ ಸೈಕಲ್ಲಿನ ಮೇಲೆ ಇರುತ್ತಾರೆ.

ನೆರೆಯವರ ಅರ್ಜಿಯಲ್ಲಿ ಏನಿದೆ?

ಆ ಅರ್ಜಿಯನ್ನು ನಾನು ಓದಿದ್ದೇನೆ. ಅದರಲ್ಲಿ ರಾಜಕಾರಣ ಹುಡುಕುವವರು ಹುಡುಕಲಿ. ನನಗೆ ಕಂಡದ್ದು ಮನೆತನದ ಮಾತು. ರಾತ್ರಿಯೆಲ್ಲ ಇಂಜಿನಿನ ಸಪ್ಪಳ. ಅದಕ್ಕಿಂತ ಹೆಚ್ಚಾಗಿ ಟ್ರ್ಯಾಕ್ಟರಿನ ಮೇಲೆ ಹಚ್ಚುವ ಧ್ವನಿವರ್ಧಕ. ಹತ್ತನೆಯ ಇಯತ್ತೆಯ ಮಕ್ಕಳ ಪರೀಕ್ಷೆ ಬರುವುದು ಹಂಗಾಮಿನ ಭರದಲ್ಲಿಯೇ. ಧೂಳು ಒಣಗಿಹಾಕಿದ ಶಾವಿಗೆ, ಹಪ್ಪಳದ ಮೇಲೆ ಕೂಡುತ್ತದೆ. ಕೆಮ್ಮುವ ಮುದುಕರ ಎದೆಯಲ್ಲಿಯೂ ಕೂಡುತ್ತದೆ. ಸಂಡಾಸು ಸಾಲದೆ ಚಾಲಕರು, ಟೋಳಿಯವರು ಬೇಲಿಯ ಸಂದಿಗೆ ಹೋಗುತ್ತಾರೆ. ಹೆಣ್ಣುಮಕ್ಕಳು ಆ ದಾರಿ ಬಿಟ್ಟಿದ್ದಾರೆ. ತಳದಲ್ಲಿ ಒಲೆ ಹೂಡಿ ರೊಟ್ಟಿ ಬಡಿಯುವವರ ಪಕ್ಕದಲ್ಲಿಯೇ ರವದಿಯ ರಾಶಿ. ಕಿಡಿ ಬಿದ್ದರೆ ಗಾಡಿಯೂ ಉಳಿಯದು, ಗುಡಿಸಲೂ ಉಳಿಯದು. ಎಣ್ಣೆ ಬಿದ್ದ ನೆಲದ ನೀರು ಮಳೆ ಬಂದಾಗ ಇಳಿದು ಬಾವಿಯ ಕಡೆಗೆ ಹರಿಯುತ್ತದೆ. ನಮ್ಮದು ಎರಿ ಭೂಮಿ. ಗಾಡಿ ತುಳಿದು ಗಟ್ಟಿಯಾದ ಎರಿ ನೆಲ ನೀರು ಕುಡಿಯುವುದಿಲ್ಲ, ತಗ್ಗಿನ ಮನೆಯೊಳಗೆ ನೂಕುತ್ತದೆ. ಇಷ್ಟು ಆ ಅರ್ಜಿಯ ಸಾರ.

ಇದರಲ್ಲಿ ಒಂದಾದರೂ ಸುಳ್ಳೆಂದು ಎದ್ದು ಹೇಳುವವರು ಈ ಸಭೆಯಲ್ಲಿ ಇದ್ದಾರೆಂದು ನನಗೆ ಅನಿಸುವುದಿಲ್ಲ.

ಕೆಲವರು ಹೇಳುತ್ತಾರೆ: ಕಾರಖಾನೆ ಮೊದಲು ಬಂತು, ಮನೆಗಳು ಆಮೇಲೆ ಬಂದವು, ಸಪ್ಪಳ ಬೇಡವಾದವರು ಇಲ್ಲಿ ಯಾಕೆ ಕಟ್ಟಬೇಕಾಗಿತ್ತು? ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಕಾರಖಾನೆ ಬಂದದ್ದರಿಂದಲೇ ಇಲ್ಲಿ ಅಂಗಡಿ, ಶಾಲೆ, ದವಾಖಾನೆ ಬಂದವು. ಅವನ್ನು ನಂಬಿ ಜನ ಮನೆ ಕಟ್ಟಿದರು. ಆದರೆ ಅವರು ಮನೆ ಕಟ್ಟಿದಾಗ ಗಾಡಿ ತಳ ಎಲ್ಲಿ ಮುಗಿಯುತ್ತಿತ್ತೋ ಅಲ್ಲಿಂದ ದೂರ ನೋಡಿ ಕಟ್ಟಿದರು. ಈಗ ತಳವೇ ಎದ್ದು ಅವರ ಅಂಗಳಕ್ಕೆ ನಡೆದು ಬಂದರೆ, ಮೊದಲು ಯಾರು ಬಂದರು ಎಂಬ ಪ್ರಶ್ನೆಗೆ ಉತ್ತರ ಬದಲಾಗುತ್ತದೆ.

ಮತ್ತೊಂದು ಮಾತು. ಆ ಪ್ಲಾಟುಗಳನ್ನು ಕೊಂಡವರು ಯಾರು? ತಮ್ಮಲ್ಲಿಯೇ ಹಲವರ ಅಣ್ಣತಮ್ಮಂದಿರು, ಮಕ್ಕಳು. ಕಬ್ಬಿನ ಬಿಲ್ಲಿನಿಂದ ಉಳಿಸಿದ ಹಣದಲ್ಲಿ ಎರಡು ಗುಂಠೆ ಕೊಂಡು, ಮುಂದೆ ಮಗ ಮನೆ ಕಟ್ಟಲಿ ಎಂದು ಇಟ್ಟವರು. ಖಾಸಗಿ ಸಾಹುಕಾರನ ಗಿರಣಿಯಾದರೆ ಮಾಲಕ ಒಂದು ಕಡೆ, ನೆರೆಯವರು ಒಂದು ಕಡೆ. ಸಹಕಾರಿಯಲ್ಲಿ ಹಾಗಿಲ್ಲ. ಪ್ರವರಾನಗರದಲ್ಲಿ ವಿಠ್ಠಲರಾವ ವಿಖೆ ಪಾಟೀಲರು ಧನಂಜಯರಾವ ಗಾಡಗೀಳರ ಮಾರ್ಗದರ್ಶನದಲ್ಲಿ ಸಹಕಾರಿ ಕಾರಖಾನೆ ಕಟ್ಟಿ 1950-51ರಲ್ಲಿ ಗಿರಣಿ ತಿರುಗಿಸಿದಾಗ, ರೈತನೇ ಮಾಲಕನಾದರೆ ಊರೂ ಉದ್ಧಾರವಾಗುತ್ತದೆ ಎಂಬುದೇ ಅದರ ಅರ್ಥವಾಗಿತ್ತು. ನಾವು ಇಲ್ಲಿ ಮಾಲಕರೂ ಹೌದು, ನೆರೆಯವರೂ ಹೌದು. ಬಲಗೈ ಕಟ್ಟಿದ್ದನ್ನು ಎಡಗೈ ಕೆಡವಬಾರದು.

ಕಾಯದೆ ಏನು ಹೇಳುತ್ತದೆ?

2000ದ ಶಬ್ದ ಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55 ಡೆಸಿಬೆಲ್, ರಾತ್ರಿ 45 ಡೆಸಿಬೆಲ್ ಎಂದು ಮಿತಿ ಹಾಕಿವೆ. ಕೈಗಾರಿಕಾ ಪ್ರದೇಶಕ್ಕೆ ಹಗಲು 75, ರಾತ್ರಿ 70. ರಾತ್ರಿ ಎಂದರೆ 10ರಿಂದ ಬೆಳಗಿನ 6ರವರೆಗೆ. ಎದುರುಬದುರು ಕೂತು ನಾವು ಆಡುವ ಸಾದಾ ಮಾತು ಸುಮಾರು 60 ಡೆಸಿಬೆಲ್ ಇರುತ್ತದೆ. ಅಂದ ಮೇಲೆ ಮನೆಯ ಪಡಸಾಲೆಯ ಮಗ್ಗಲಿಗೇ ಟ್ರ್ಯಾಕ್ಟರ ನಿಲ್ಲಿಸಿ ರಾತ್ರಿ 45ರೊಳಗೆ ಇರುತ್ತೇವೆ ಎಂದು ಬರೆದುಕೊಡಲು ಯಾರಿಂದ ಆದೀತು?

ಜಾಗದ ಉಪಯೋಗ ಬದಲಾಯಿಸುವುದಕ್ಕೂ ಪದ್ಧತಿ ಇದೆ. 1966ರ ಮಹಾರಾಷ್ಟ್ರ ಪ್ರಾದೇಶಿಕ ಮತ್ತು ನಗರ ರಚನಾ ಕಾಯದೆಯ ಪ್ರಕಾರ ಜಮೀನಿನ ಉಪಯೋಗವನ್ನು ಬದಲಿಸುವುದೂ ಅಭಿವೃದ್ಧಿ ಎಂದೇ ಲೆಕ್ಕ. ವಸತಿಗೆಂದು ಮಂಜೂರಾದ ನಕಾಶೆಯ ಜಾಗ ಕೊಂಡ ಮಾತ್ರಕ್ಕೆ ಅದು ಗಾಡಿ ತಳ ಆಗುವುದಿಲ್ಲ. ಖರೀದಿ ಪತ್ರ ಬೇರೆ, ಪರವಾನಗಿ ಬೇರೆ. ಪ್ಲಾಟುಗಳ ನಡುವೆ ನಕಾಶೆಯಲ್ಲಿ ಬಿಟ್ಟ ರಸ್ತೆ, ಬಯಲು ಜಾಗ ಎಲ್ಲ ಪ್ಲಾಟಿನವರ ಉಪಯೋಗಕ್ಕೆ ಬಿಟ್ಟದ್ದು. ಅದರ ಮೇಲೆ ಬೇಲಿ ಹಾಕಿದರೆ ನಾಳೆ ಕೋರ್ಟಿನ ಮೆಟ್ಟಿಲು ಹತ್ತುವವರು ನಾವೇ.

ಪರವಾನಗಿಯ ಮಾತು ಬಂದಾಗ ಸೋಲಾಪುರದ ಸಂಗತಿ ನೆನೆಯದೆ ಇರಲಾಗದು. ಅಲ್ಲಿಯ ಶ್ರೀ ಸಿದ್ಧೇಶ್ವರ ಸಹಕಾರಿ ಸಾಖರ ಕಾರಖಾನೆಯ ಸಹವಿದ್ಯುತ್ ಘಟಕದ ಚಿಮಣಿಯನ್ನು ವಿಮಾನತಳದ ಹಾರಾಟಕ್ಕೆ ಅಡ್ಡಿ ಎಂಬ ವಾದದ ನಡುವೆ 2023ರ ಜೂನದಲ್ಲಿ ಮಹಾನಗರಪಾಲಿಕೆ ಕೆಡವಿತು. ಅದರ ಸರಿ ತಪ್ಪಿಗೆ ನಾನು ಹೋಗುವುದಿಲ್ಲ. ಆ ವಾದ ವರ್ಷಗಟ್ಟಲೆ ನಡೆದು ಇಡೀ ಜಿಲ್ಲೆಯ ರೈತರನ್ನು ಕಂಗೆಡಿಸಿದ್ದನ್ನು ನಾವೆಲ್ಲ ನೋಡಿದ್ದೇವೆ. ಊರು ಬೆಳೆಯುತ್ತ ಬಂದು ಕಾರಖಾನೆಗೆ ತಾಗುತ್ತದೆ, ಕಾರಖಾನೆ ಬೆಳೆಯುತ್ತ ಹೋಗಿ ಊರಿಗೆ ತಾಗುತ್ತದೆ. ತಾಗುವ ಮೊದಲು ಕೂತು ಮಾತಾಡಿಕೊಳ್ಳುವುದು ಅಗ್ಗ; ತಾಗಿದ ಮೇಲೆ ಬಲು ದುಬಾರಿ.

ಈ ಹಂಗಾಮಿನಲ್ಲಿ ಮಾಡಬೇಕಾದದ್ದು

ಮನೆ ಗೆದ್ದು ಮಾರು ಗೆಲ್ಲು ಎನ್ನುತ್ತಾರೆ. ಜಾಗದ ಮಾತು ಎತ್ತುವ ಮೊದಲು ನಮ್ಮ ಮೂರು ಎಕರೆಯನ್ನು ಗೆಲ್ಲೋಣ. ನನ್ನ ಖಾತೆಯಿಂದ ಸಂಚಾಲಕ ಮಂಡಳಕ್ಕೆ ಬರೆದುಕೊಟ್ಟ ಸೂಚನೆಗಳನ್ನು ತಮ್ಮ ಮುಂದೆಯೂ ಇಡುತ್ತೇನೆ.

ಒಂದು, ತೋಡಚಿಟ್ಟಿ ಲಾವಣಿಯ ತಾರೀಖಿನ ಪ್ರಕಾರವೇ ಹೊರಡಬೇಕು. ಅಡಸಾಲಿ ಮೊದಲು, ಆಮೇಲೆ ಪೂರ್ವ ಹಂಗಾಮಿ ಮತ್ತು ಕುಳೆ, ಕೈ ರಿಫ್ರಾಕ್ಟೋಮೀಟರಿನಿಂದ ಪಕ್ವತೆ ನೋಡಿ, ಸುರು ಕಬ್ಬು ತನ್ನ ತಿಂಗಳು ತುಂಬಿದ ಮೇಲೆ. ಸಂಚಾಲಕರ ಬೀಗರು, ಅಧಿಕಾರಿಯ ಗೆಳೆಯರು, ಮುಕಾದಮನ ಕೈ ಬೆಚ್ಚಗೆ ಮಾಡಿದವರು, ಇವರ ಕಬ್ಬು ನಡುವೆ ನುಗ್ಗಿದರೆ ಪಾಳಿ ಮುರಿಯುತ್ತದೆ. ಲಾವಣಿ ಯಾದಿಯನ್ನು ಪ್ರತಿ ಗಟ ಕಚೇರಿಯ ಗೋಡೆಯ ಮೇಲೆ ಅಂಟಿಸೋಣ. ನೋಡುವ ಕಣ್ಣು ಹೆಚ್ಚಿದರೆ ನುಗ್ಗುವ ಧೈರ್ಯ ಕಡಿಮೆಯಾಗುತ್ತದೆ.

ಎರಡು, ಗಿರಣಿ ನಾಲ್ಕು ತಾಸಿಗಿಂತ ಹೆಚ್ಚು ನಿಲ್ಲುವುದೆಂದು ಗೊತ್ತಾದ ಗಳಿಗೆಯಲ್ಲಿಯೇ ಎಲ್ಲ ಗಟಗಳಿಗೆ ಸುದ್ದಿ ಹೋಗಬೇಕು, ಕಡಿಯುವುದು ನಿಲ್ಲಬೇಕು. ಈಗ ಪ್ರತಿ ಚಾಲಕನ, ಪ್ರತಿ ಮುಕಾದಮನ ಕಿಸೆಯಲ್ಲಿ ಮೊಬೈಲ ಇದೆ. ಸುದ್ದಿ ಮುಟ್ಟಲಿಲ್ಲ ಎಂಬ ಸಬೂಬು ನಡೆಯದು. ಕಡಿಯದ ಕಬ್ಬು ಹೊಲದಲ್ಲಿ ಎರಡು ದಿನ ಹೆಚ್ಚು ನಿಂತರೆ ಕೆಡುವುದಿಲ್ಲ. ಕಡಿದು ಗಾಡಿಯ ಮೇಲೆ ನಿಂತರೆ ಕೆಡುತ್ತದೆ. ಟೋಳಿಯವರಿಗೆ ಆ ದಿನದ ಕೂಲಿ ಹೋಗುತ್ತದೆ ಎಂಬುದು ನಿಜ. ಬೀಡ ಕಡೆಯಿಂದ ಗಂಡಹೆಂಡಿರು ಮಕ್ಕಳನ್ನು ಕಟ್ಟಿಕೊಂಡು ಬಂದಿರುತ್ತಾರೆ. ಅಂಥ ದಿನಕ್ಕೆ ಅವರಿಗೆ ಖೋಟಿ ಭತ್ತೆ ಕೊಡುವುದನ್ನು ಮಂಡಳ ವಿಚಾರಿಸಬೇಕು. ಆ ಖರ್ಚು ಹಳಸಿದ ಕಬ್ಬಿನ ನಷ್ಟದ ಮುಂದೆ ಸಣ್ಣದು.

ಮೂರು, ಪ್ರತಿ ಗಾಡಿಗೆ ಹೊಲದಲ್ಲಿಯೇ ನಂಬರು ಮತ್ತು ತಳಕ್ಕೆ ಮುಟ್ಟುವ ಹೊತ್ತು ಕೊಡಬೇಕು. ಎಲ್ಲರೂ ಸಂಜೆ ಆರಕ್ಕೆ ಒಮ್ಮೆಲೇ ಬರುವುದು ತಪ್ಪಬೇಕು. ಯಂತ್ರದಿಂದ ಕಡಿಯುವ ಕಬ್ಬನ್ನು ರಾತ್ರಿಯ ಪಾಳಿಗೆ ಹಚ್ಚಬಹುದು. ಯಂತ್ರ ರಾತ್ರಿಯೂ ಕಡಿಯುತ್ತದೆ.

ನಾಲ್ಕು, ಇದ್ದ ತಳವನ್ನು ತಳದಂತೆ ಮಾಡಬೇಕು. ಮುರುಮು ಹಾಕಿ ರೋಲರು ಹೊಡೆದು, ದಿನಕ್ಕೆ ಎರಡು ಸಲ ನೀರು ಚಿಮುಕಿಸಿದರೆ ಧೂಳು ಏಳುವುದಿಲ್ಲ. ಸುತ್ತಲೂ ಚರಂಡಿ, ಅದರ ಬಾಯಿಗೆ ಎಣ್ಣೆ ತಡೆಯುವ ಗುಂಡಿ. ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಸಂಡಾಸು, ಸ್ನಾನದ ಮನೆ. ಅಡಿಗೆಗೆ ರವದಿಯಿಂದ ದೂರ ಒಂದು ಕಟ್ಟೆ. ಬೇರೆಲ್ಲಿಯೂ ಬೆಂಕಿ ಕೂಡದು. ನೀರು ತುಂಬಿದ ಟ್ಯಾಂಕರು ಯಾವಾಗಲೂ ಸಿದ್ಧ. ಎತ್ತುಗಳಿಗೆ ಬೇರೆ ಭಾಗ. 2022ರಲ್ಲಿ ಚರ್ಮಗಂಟು ರೋಗ ಹೇಗೆ ಹಬ್ಬಿತು ಎಂಬುದನ್ನು ದನ ಕಳೆದುಕೊಂಡವರು ಮರೆತಿಲ್ಲ. ಲಸಿಕೆಯ ಚೀಟಿ ನೋಡಿ ಎತ್ತು ಒಳಬಿಡಬೇಕು, ಒಂದೇ ದೋಣಿಯಲ್ಲಿ ಬೇನೆಯ ದನಕ್ಕೂ ಒಳ್ಳೆಯ ದನಕ್ಕೂ ನೀರು ಕುಡಿಸಬಾರದು. ದೀಪಗಳ ಬೆಳಕು ನೆಲದ ಕಡೆಗೆ ಇರಲಿ, ಮನೆಗಳ ಕಿಟಕಿಯ ಕಡೆಗೆ ಬೇಡ. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಹಚ್ಚಿದ ಗಾಡಿಯ ನಂಬರು ಕಡೆಗೆ ಹೋಗುವುದೆಂದು ಒಮ್ಮೆ ಸಾರಿದರೆ ಸಾಕು, ಎರಡನೆಯ ಸಲ ಹೇಳಬೇಕಾಗುವುದಿಲ್ಲ.

ಐದು, ವಸತಿಯ ಮಗ್ಗಲಿಗೆ ಗಿಡಗಳ ಪಟ್ಟಿ. ಬೇವು, ಹುಲಗಲ, ಹುಣಸೆ, ಎರಡು ಸಾಲು ಒತ್ತಾಗಿ. ಗಿಡ ಸಪ್ಪಳವನ್ನು ಪೂರ್ತಿ ತಡೆಯುವುದಿಲ್ಲ, ಧೂಳನ್ನು ಬಹಳಷ್ಟು ಹಿಡಿಯುತ್ತದೆ. ಹಚ್ಚಿದರೆ ಸಾಲದು, ಮೂರು ಬೇಸಿಗೆ ನೀರು ಹಾಕುವ ಆಳನ್ನು ನೇಮಿಸಬೇಕು.

ಇಷ್ಟು ಮಾಡಿದ ಮೇಲೂ ಜಾಗ ಸಾಲದಿದ್ದರೆ, ಅಥವಾ ನಾಳೆ ಕಾರಖಾನೆಯ ನುರಿಸುವ ಶಕ್ತಿ ಹೆಚ್ಚಿದರೆ, ಆಗ ಜಾಗ ಬೇಕೇ ಬೇಕು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆಗ ಮನೆಗಳಿಲ್ಲದ ಪಶ್ಚಿಮದ ಮಗ್ಗಲು ನೋಡೋಣ, ಅಥವಾ ಐದಾರು ಕಿಲೋಮೀಟರ ದೂರದ ಗಟ ಕಚೇರಿಗಳಲ್ಲಿ ಚಿಕ್ಕ ಚಿಕ್ಕ ತಳ ಮಾಡಿ ಫೋನು ಹೋದಾಗ ಗಾಡಿ ಹೊರಡುವಂತೆ ಮಾಡೋಣ. ಅಲ್ಲಿ ಜಾಗದ ಬೆಲೆಯೂ ಕಡಿಮೆ. ವಸತಿಯ ಪ್ಲಾಟಿಗೆ ಕೊಡುವ ದುಡ್ಡಿನಲ್ಲಿ ಸಂಡಾಸು, ಚರಂಡಿ, ಮುರುಮು, ಗಿಡ ಎಲ್ಲ ಆಗಿ ಮಿಕ್ಕೀತು.

ನೆರೆಯವರಿಗೆ ಎರಡು ಮಾತು

ನೆರೆಯ ಓಣಿಯವರೂ ಈ ಪತ್ರಿಕೆ ಓದುತ್ತಾರೆ. ಅವರಿಗೂ ನನ್ನ ವಿನಂತಿ. ಸಿಟ್ಟಿನಲ್ಲಿ ರಸ್ತೆ ಅಡ್ಡಗಟ್ಟಬೇಡಿರಿ. ಗಾಡಿಯ ಮೇಲಿನ ಕಬ್ಬು ಯಾವನೋ ಬಡ ರೈತನ ಹದಿನೆಂಟು ತಿಂಗಳ ಬೆವರು. ಗಾಡಿ ಹೊಡೆಯುವವನು ತಳದ ತಂಟೆಗೆ ಕಾರಣನಲ್ಲ. ಅಡಚಣೆ ಆದ ದಿನ, ಹೊತ್ತು, ಗಾಡಿಯ ನಂಬರು ಬರೆದಿಡಿರಿ. ಬಾಯಿಮಾತಿನ ದೂರಿಗಿಂತ ಬರೆದ ದೂರಿಗೆ ಬಲ ಹೆಚ್ಚು. ಓಣಿಯಿಂದ ಮೂವರು, ಅವರಲ್ಲಿ ಒಬ್ಬರಾದರೂ ಹೆಣ್ಣುಮಗಳು, ಗಾಡಿ ಮಾಲಕರಿಂದ ಇಬ್ಬರು, ಕಾರಖಾನೆಯಿಂದ ಇಬ್ಬರು ಕೂಡಿ ಹಂಗಾಮಿನಲ್ಲಿ ಹದಿನೈದು ದಿನಕ್ಕೊಮ್ಮೆ ಕೂಡಲಿ ಎಂದು ನಾನು ಸೂಚಿಸಿದ್ದೇನೆ. ಇನ್ನು ಮುಂದೆ ಕಟ್ಟುವವರು ತಳದ ಗೋಡೆಗೆ ಗೋಡೆ ಹಚ್ಚಿ ಕಟ್ಟಬೇಡಿರಿ. ನಡುವೆ ಅಂತರವಿದ್ದರೆ ಇಬ್ಬರಿಗೂ ಸುಖ.

ಸಭಾಸದ ಬಂಧುಗಳೇ, ವಾರ್ಷಿಕ ಸಭೆಯಲ್ಲಿ ಕೈ ಎತ್ತುವ ಮೊದಲು ಮೂರು ಪ್ರಶ್ನೆ ಕೇಳಿರಿ. ಕಳೆದ ಹಂಗಾಮಿನಲ್ಲಿ ಪ್ರತಿ ತಿಂಗಳು ಗಾಡಿ ಸರಾಸರಿ ಎಷ್ಟು ತಾಸು ಕಾಯಿತು? ಗಿರಣಿ ನಿಂತಾಗ ತೋಡಚಿಟ್ಟಿ ಎಷ್ಟು ತಾಸಿನ ಮೇಲೆ ನಿಂತಿತು? ಆ 4 ಎಕರೆಯ ಉಪಯೋಗ ಬದಲಿಸುವ ಪರವಾನಗಿ ಕೈಯಲ್ಲಿದೆಯೇ? ಮೊದಲೆರಡರ ಲೆಕ್ಕ ನನ್ನ ಖಾತೆಯ ದಫ್ತರದಲ್ಲಿದೆ. ಕೇಳಿದ ಯಾವ ಸಭಾಸದನಿಗೂ ತೋರಿಸಲು ನಾನು ಸಿದ್ಧ. ಮೂರನೆಯದರ ಉತ್ತರ ಮಂಡಳ ಕೊಡಬೇಕು. ಮೂರಕ್ಕೂ ಸಮಾಧಾನದ ಉತ್ತರ ಬರುವವರೆಗೆ ಸೂಚನೆಯನ್ನು ಒಂದು ಹಂಗಾಮು ಮುಂದೆ ಹಾಕಿದರೆ ಗಿರಣಿ ನಿಲ್ಲುವುದಿಲ್ಲ. ಆ ಒಂದು ಹಂಗಾಮಿನಲ್ಲಿ ಪಾಳಿ ನೆಟ್ಟಗಾದರೆ ನಾಲ್ಕು ಎಕರೆಯ ದುಡ್ಡೂ ಉಳಿಯಿತು, ಉತಾರವೂ ಏರಿತು, ನೆರೆಯವರ ನಿದ್ದೆಯೂ ಉಳಿಯಿತು.